ಒಂದೇ ಕಂಪ್ಯೂಟರಿನೊಳಗೆ ಹಲವು ಕಂಪ್ಯೂಟರ್: ಲಿನಕ್ಸ್ ಸರ್ವರ್ ನಡೆದು ಬಂದ ದಾರಿ

ನಮ್ಮ ಶಾಲೆಯ ಬೀರುವಿನಲ್ಲಿ ತಗಡಿನ ಒಂದು ಬಿಸ್ಕತ್ತಿನ ಡಬ್ಬಿ ಇದೆ. ಅದರಲ್ಲಿ ಇರುವುದು ಬಿಸ್ಕತ್ತಲ್ಲ, ನಲವತ್ತಕ್ಕೂ ಹೆಚ್ಚು ಸಿ.ಡಿ.ಗಳು. ನಿವೃತ್ತರಾದ ನಮ್ಮ ಹಿರಿಯ ಉರ್ದು ಮಾಸ್ಟರ್ ಸಾಹೇಬರು ವರ್ಷಗಟ್ಟಲೆ ಸಂಜೆ ಹೊತ್ತು ಕೂತು ಬೆರಳಚ್ಚಿಸಿದ ಶಾಲೆಯ ಚರಿತ್ರೆ, ಮೊದಲ ಬ್ಯಾಚಿನ ಹೆಣ್ಣುಮಕ್ಕಳ ವಿವರ, ಪ್ರಶ್ನೆಪತ್ರಿಕೆಗಳು, ವಾರ್ಷಿಕೋತ್ಸವದ ವರದಿಗಳು ಎಲ್ಲವೂ ಅದರಲ್ಲಿವೆ. ಉರ್ದು ಬರಹ ಇನ್‌ಪೇಜಿನಲ್ಲಿ, ಕನ್ನಡ ಬರಹ ಹಳೆಯ ನುಡಿಯಲ್ಲಿ, ದಾಖಲಾತಿ ಪುಸ್ತಕ ಫಾಕ್ಸ್‌ಪ್ರೊದಲ್ಲಿ. ಇವನ್ನೆಲ್ಲ ತೆರೆಯುತ್ತಿದ್ದ ಹಳೆಯ ಕಂಪ್ಯೂಟರ್ ಒಂದು ಮಳೆಗಾಲದಲ್ಲಿ ಕೆಟ್ಟು ನಿಂತಿತು. ಹೊಸ ಕಂಪ್ಯೂಟರಿಗೆ ಸಿ.ಡಿ. ಹಾಕಿದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತಿತ್ತು. ಉರ್ದು ಕಡತ ತೆರೆಯುತ್ತಲೇ ಇರಲಿಲ್ಲ. ಮಾಸ್ಟರ್ ಸಾಹೇಬರು ತಿಂಗಳಿಗೊಮ್ಮೆ ಬಂದು, "ಬೇಟಾ, ನನ್ನ ಕಾಗದಗಳು ತೆರೆದವೇ?" ಎಂದು ಕೇಳುತ್ತಿದ್ದರು. ಕಂಪ್ಯೂಟರಿನ ಕಡತಗಳನ್ನು ಅವರು ಇಂದಿಗೂ ಕಾಗದ ಎಂದೇ ಕರೆಯುವುದು.

ಇದಕ್ಕೆ ಪರಿಹಾರ ಹುಡುಕುತ್ತಾ ಹೋದಾಗ ತಿಳಿದ ಚರಿತ್ರೆಯನ್ನು ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ. ಒಂದು ನಿಜವಾದ ಕಂಪ್ಯೂಟರಿನೊಳಗೆ ಹಲವು 'ತೋರಿಕೆಯ' ಕಂಪ್ಯೂಟರುಗಳನ್ನು ನಡೆಸುವ ವಿದ್ಯೆ ಇದೆ. ಅವುಗಳಿಗೆ ವರ್ಚುವಲ್ ಯಂತ್ರಗಳೆಂದು ಹೆಸರು. ಕೆಟ್ಟುಹೋದ ಹಳೆಯ ಕಂಪ್ಯೂಟರನ್ನು ಹೊಸದರ ಹೊಟ್ಟೆಯೊಳಗೆ ಮತ್ತೆ ಎಬ್ಬಿಸಿ ನಿಲ್ಲಿಸಬಹುದು. ಇದು ನಿನ್ನೆ ಮೊನ್ನೆಯ ವಿದ್ಯೆಯೆಂದು ನಾನೂ ತಿಳಿದಿದ್ದೆ. ಅದಕ್ಕೆ ಆರು ದಶಕಗಳ ವಯಸ್ಸಾಗಿದೆ.

ಕಥೆಯನ್ನು ಇನ್ನೂ ಹಿಂದಿನಿಂದ, ನಮ್ಮ ದೊಡ್ಡಬಳ್ಳಾಪುರದ ಮಗ್ಗಗಳಿಂದಲೇ ಆರಂಭಿಸಬಹುದು. ರೇಷ್ಮೆ ಸೀರೆಯ ಅಂಚಿನಲ್ಲಿ ಹೂವು, ಹಂಸ ಮೂಡಿಸಲು ಮಗ್ಗದ ಮೇಲೆ ಜಕಾರ್ಡ್ ಕೂರಿಸಿ, ತೂತು ಹೊಡೆದ ರಟ್ಟಿನ ಪಟ್ಟಿಗಳನ್ನು ಮಾಲೆಯಂತೆ ಕಟ್ಟಿರುವುದನ್ನು ನೇಕಾರರ ಮನೆಯ ಮಕ್ಕಳು ನೋಡಿಯೇ ಇರುತ್ತಾರೆ. ತೂತು ಇದ್ದಲ್ಲಿ ಎಳೆ ಮೇಲೇಳುತ್ತದೆ, ಇಲ್ಲದಲ್ಲಿ ಏಳುವುದಿಲ್ಲ. ಫ್ರಾನ್ಸಿನ ಲಿಯಾನ್ ನಗರದ ಜೋಸೆಫ್ ಮಾರಿ ಜಕಾರ್ಡ್ 1804ರ ಸುಮಾರಿಗೆ ರೂಪಿಸಿದ ಈ ಉಪಾಯವನ್ನು ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ ತನ್ನ ಲೆಕ್ಕದ ಯಂತ್ರದ ಯೋಜನೆಯಲ್ಲಿ ಬಳಸಿಕೊಂಡ. ಅಮೆರಿಕದ ಹರ್ಮನ್ ಹೊಲೆರಿತ್ 1890ರ ಜನಗಣತಿಯನ್ನು ತೂತಿನ ಕಾರ್ಡುಗಳ ಮೂಲಕ ಎಣಿಸಿ ತೋರಿಸಿದ. ಅವನ ಕಂಪನಿ 1911ರಲ್ಲಿ ಬೇರೆ ಕಂಪನಿಗಳೊಡನೆ ಸೇರಿ, 1924ರಲ್ಲಿ ಐಬಿಎಂ ಎಂಬ ಹೆಸರು ಪಡೆಯಿತು. ಮಗ್ಗದ ರಟ್ಟು ಹೀಗೆ ಕಂಪ್ಯೂಟರಿನ ಕಾರ್ಡಾಯಿತು.

1960ರ ದಶಕದಲ್ಲಿ ಒಂದು ಕಂಪ್ಯೂಟರ್ ಎಂದರೆ ಒಂದು ಕೋಣೆಯಷ್ಟು ದೊಡ್ಡದು. ಬೆಲೆಯೂ ಸಾಮಾನ್ಯ ಸಂಸ್ಥೆಗಳಿಗೆ ಎಟುಕದ್ದು. ವಿಜ್ಞಾನಿಯೊಬ್ಬ ಬೆಳಿಗ್ಗೆ ತನ್ನ ಕಾರ್ಡಿನ ಕಟ್ಟು ಒಪ್ಪಿಸಿ ಹೋದರೆ ಸಂಜೆಗೋ ಮರುದಿನಕ್ಕೋ ಉತ್ತರ ಬರುತ್ತಿತ್ತು. ಒಂದು ಅಲ್ಪವಿರಾಮ ತಪ್ಪಿದ್ದರೂ ಮತ್ತೆ ಸಾಲಿನಲ್ಲಿ ನಿಲ್ಲಬೇಕು. ಎಲ್ಲರೂ ಏಕಕಾಲಕ್ಕೆ ಬಳಸುವಂತೆ ಮಾಡುವುದು ಹೇಗೆ ಎಂಬ ಪ್ರಶ್ನೆಗೆ ಹಲವರು ಉತ್ತರ ಹುಡುಕುತ್ತಿದ್ದರು. ಅಮೆರಿಕದ ಮೆಸಾಚುಸೆಟ್ಸಿನ ಕೇಂಬ್ರಿಡ್ಜಿನಲ್ಲಿದ್ದ ಐಬಿಎಂ ವಿಜ್ಞಾನ ಕೇಂದ್ರದಲ್ಲಿ ರಾಬರ್ಟ್ ಕ್ರೀಸಿ ಮತ್ತು ಸಂಗಡಿಗರು 1964ರಲ್ಲಿ ಬೇರೆಯೇ ದಾರಿ ಹಿಡಿದರು. ಕಂಪ್ಯೂಟರನ್ನು ಹಂಚಿಕೊಳ್ಳುವುದನ್ನು ಪ್ರತಿ ತಂತ್ರಾಂಶಕ್ಕೂ ಕಲಿಸುವ ಬದಲು, ಪ್ರತಿಯೊಬ್ಬರಿಗೂ ಇಡೀ ಕಂಪ್ಯೂಟರ್ ತನ್ನೊಬ್ಬನದೇ ಎಂಬ ಭ್ರಮೆ ಹುಟ್ಟಿಸಿಬಿಟ್ಟರೆ ಹೇಗೆ?

ಬೆಂಗಳೂರಿನ ಹಳೆಯ ವಠಾರಗಳನ್ನು ನೆನೆಸಿಕೊಂಡರೆ ಇದು ಸುಲಭವಾಗಿ ತಿಳಿಯುತ್ತದೆ. ಒಂದೇ ಆವರಣ, ಒಂದೇ ಅಡಿಪಾಯ, ಒಂದೇ ನೀರಿನ ತೊಟ್ಟಿ, ಸಾಲಾಗಿ ಎಂಟೋ ಹತ್ತೋ ಮನೆಗಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡರೆ ಪ್ರತಿ ಸಂಸಾರಕ್ಕೂ ಅದು ಸ್ವಂತ ಮನೆಯೇ. ಒಬ್ಬರ ಮನೆಯಲ್ಲಿ ಹಾಲು ಉಕ್ಕಿದರೆ ಪಕ್ಕದವರ ಒಲೆ ಆರುವುದಿಲ್ಲ. ನೀರು ಬಿಡುವ ಹೊತ್ತು, ವಿದ್ಯುತ್ತಿನ ಮೀಟರು, ಬೀಗದ ಕೈ ಇವನ್ನು ನೋಡಿಕೊಳ್ಳುವವರು ವಠಾರದ ಯಜಮಾನರು. ಕಂಪ್ಯೂಟರಿನಲ್ಲಿ ಈ ಯಜಮಾನಿಕೆ ನಡೆಸುವ ತಂತ್ರಾಂಶಕ್ಕೆ ಹೈಪರ್‌ವೈಸರ್ ಎನ್ನುತ್ತಾರೆ.

1967ರಲ್ಲಿ ಬಳಕೆಗೆ ಬಂದ ಆ ಮೊದಲ ವಠಾರದ ಹೆಸರು ಸಿಪಿ-40. ಐಬಿಎಂನ 360 ಸರಣಿಯ ಒಂದು ಯಂತ್ರವನ್ನು ಮಾರ್ಪಡಿಸಿ ಅದರೊಳಗೆ 14 ವರ್ಚುವಲ್ ಯಂತ್ರಗಳವರೆಗೆ ನಡೆಸುತ್ತಿದ್ದರು. ಆ ದೊಡ್ಡ ಯಂತ್ರದ ನೆನಪಿನ ಸಾಮರ್ಥ್ಯ 256 ಕಿಲೋಬೈಟ್. ಇಂದು ಮೊಬೈಲಿನಲ್ಲಿ ತೆಗೆದ ಒಂದು ಫೋಟೋ ಕೂಡ ಅದರಲ್ಲಿ ಹಿಡಿಯುವುದಿಲ್ಲ. ಮುಂದೆ ಸಿಪಿ-67 ಬಂತು, 1972ರಲ್ಲಿ ವಿಎಂ/370 ಎಂಬ ಹೆಸರಿನಲ್ಲಿ ಗ್ರಾಹಕರ ಕೈಗೆ ಸಿಕ್ಕಿತು. 1974ರಲ್ಲಿ ಜೆರಾಲ್ಡ್ ಪೋಪೆಕ್ ಮತ್ತು ರಾಬರ್ಟ್ ಗೋಲ್ಡ್‌ಬರ್ಗ್ ಎಂಬ ಇಬ್ಬರು ವಿದ್ವಾಂಸರು, ಯಾವ ಬಗೆಯ ಪ್ರೊಸೆಸರ್ ಮೇಲೆ ಇಂಥ ವಠಾರ ಕಟ್ಟಬಹುದು ಎಂಬುದಕ್ಕೆ ಶಾಸ್ತ್ರವನ್ನೇ ಬರೆದರು.

ಇಲ್ಲಿ ಒಂದು ಸಂಗತಿ ನನ್ನ ಗಮನ ಸೆಳೆಯಿತು. ವಿಎಂ/370 ತಂತ್ರಾಂಶದ ಮೂಲಪಾಠ, ಎಂದರೆ ಸೋರ್ಸ್ ಕೋಡ್, ಗ್ರಾಹಕರಿಗೆ ಸಿಗುತ್ತಿತ್ತು. ಅವರು ಅದನ್ನು ತಿದ್ದುತ್ತಿದ್ದರು, ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಿದ್ದರು. 1983ರ ಆರಂಭದಲ್ಲಿ ಐಬಿಎಂ ಇನ್ನು ಮುಂದೆ ಮೂಲಪಾಠ ಕೊಡುವುದಿಲ್ಲವೆಂದು ಸಾರಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ರಿಚರ್ಡ್ ಸ್ಟಾಲ್ಮನ್, ಮೂಲಪಾಠ ಎಲ್ಲರಿಗೂ ತೆರೆದಿರುವ ಗ್ನು ಯೋಜನೆಯನ್ನು ಘೋಷಿಸಿದರು. ಒಂದಕ್ಕೆ ಇನ್ನೊಂದು ಕಾರಣ ಎಂದು ನಾನು ಹೇಳುತ್ತಿಲ್ಲ. ಬಾಗಿಲುಗಳು ಮುಚ್ಚುತ್ತಿದ್ದ ಕಾಲ ಅದು, ತೆರೆಯಬೇಕೆನ್ನುವವರೂ ಆಗಲೇ ಎದ್ದರು.

ಭಾರತದ ಕಡೆ ನೋಡಿದರೆ, ವಿದೇಶಿ ವಿನಿಮಯ ಕಾಯ್ದೆಯಂತೆ ತನ್ನ ಪಾಲನ್ನು ಶೇಕಡ 40ಕ್ಕೆ ಇಳಿಸಲು ಒಪ್ಪದ ಐಬಿಎಂ 1978ರಲ್ಲಿ ದೇಶ ಬಿಟ್ಟಿತ್ತು. 1992ರಲ್ಲಿ ಟಾಟಾ ಸಂಸ್ಥೆಯ ಜೊತೆಗೂಡಿ ಮರಳಿ ಬಂದಾಗ ನೆಲೆ ನಿಂತದ್ದು ಬೆಂಗಳೂರಿನಲ್ಲಿ. ಈ ಮಾತು ಮುಂದೆ ಮತ್ತೆ ಬರುತ್ತದೆ.

1991ರ ಆಗಸ್ಟ್ 25ರಂದು ಫಿನ್‌ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್, ತಾನು ಹವ್ಯಾಸಕ್ಕೆ ಒಂದು ಕಾರ್ಯಾಚರಣೆ ವ್ಯವಸ್ಥೆ ಬರೆಯುತ್ತಿರುವುದಾಗಿ ತಿಳಿಸಿದ. ನಮ್ಮ ಪದವಿ ತರಗತಿಯ ಮಕ್ಕಳ ವಯಸ್ಸು. ಮರುವರ್ಷ ಅದನ್ನು ಗ್ನು ಪರವಾನಗಿಯಡಿ ಹೊರತಂದಾಗ ಯಾರು ಬೇಕಾದರೂ ಬಳಸಲು, ತಿದ್ದಲು, ಹಂಚಲು ಅನುಮತಿ ದೊರೆಯಿತು. ನಮ್ಮಲ್ಲಿ ಅಂತರ್ಜಾಲ ಅಪರೂಪವಾಗಿದ್ದ ದಿನಗಳಲ್ಲಿ ಲಿನಕ್ಸ್ ಬಂದದ್ದು ಪತ್ರಿಕೆಯ ಜೊತೆ: 1996ರಲ್ಲಿ ಪಿಸಿ ಕ್ವೆಸ್ಟ್ ಮಾಸಪತ್ರಿಕೆ ತನ್ನ ಸಂಚಿಕೆಯೊಡನೆ ಲಿನಕ್ಸ್ ಸಿ.ಡಿ. ಹಂಚಿತು. ಇದರ ಹಿಂದಿದ್ದ ಬೆಂಗಳೂರಿನ ಅತುಲ್ ಚಿಟ್ನಿಸ್ ಮುಂದೆ ಗೆಳೆಯರೊಡಗೂಡಿ 2001ರಲ್ಲಿ ಲಿನಕ್ಸ್ ಬೆಂಗಳೂರು ಸಮ್ಮೇಳನ ಏರ್ಪಡಿಸಿದರು. 2005ರಿಂದ ಅದು ಫಾಸ್ ಡಾಟ್ ಇನ್ ಎಂಬ ಹೆಸರಿನಲ್ಲಿ ನಡೆಯಿತು, 2012ರಲ್ಲಿ ಕೊನೆಗೊಂಡಿತು. ಚಿಟ್ನಿಸ್ 2013ರಲ್ಲಿ ತೀರಿಕೊಂಡರು. ಅದೇ ಕಾಲದಲ್ಲಿ ಭಾರತೀಯ ವಿಜ್ಞಾನ ಮಂದಿರದ ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯೊಡನೆ ಸೇರಿ ರೂಪಿಸಿದ, ಅಂಗೈಯಲ್ಲಿ ಹಿಡಿಯುವ ಸಿಂಪ್ಯೂಟರ್ ಕೂಡ ಲಿನಕ್ಸಿನ ಮೇಲೆಯೇ ನಡೆಯುತ್ತಿತ್ತು. ಮಾರುಕಟ್ಟೆಯಲ್ಲಿ ಅದು ಗೆಲ್ಲಲಿಲ್ಲ. ಬಡವರಿಗಾಗಿ ಕಂಪ್ಯೂಟರ್ ಎಂಬ ಯೋಚನೆ ಮಾತ್ರ ಆ ಕಾಲಕ್ಕೆ ಬಹಳ ಮುಂದಿನದು.

ಶಾಲೆಗಳ ವಿಷಯದಲ್ಲಿ ನೆರೆಯ ಕೇರಳ ನಮಗಿಂತ ಮುಂದಿದೆ ಎಂದು ಒಪ್ಪಿಕೊಳ್ಳಬೇಕು. 2001ರಲ್ಲಿ ಅಲ್ಲಿ ಆರಂಭವಾದ ಐಟಿ ಅಟ್ ಸ್ಕೂಲ್ ಯೋಜನೆ ಕೆಲವೇ ವರ್ಷಗಳಲ್ಲಿ ಮುಕ್ತ ತಂತ್ರಾಂಶಕ್ಕೆ ಹೊರಳಿತು. 2017ರಿಂದ ಅದು ಕೈಟ್ ಎಂಬ ಸರ್ಕಾರಿ ಸಂಸ್ಥೆಯಾಗಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಲಿನಕ್ಸ್ ಮೇಲಿನ ಕಂಪ್ಯೂಟರ್ ಪಾಠವನ್ನು ಕನ್ನಡ ಪುಸ್ತಕದಿಂದಲೇ ಓದುತ್ತಾರೆ. ನಮ್ಮಲ್ಲಿಯೂ 2011ರ ನಂತರ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯೊಡನೆ ಸೇರಿ, ವಿಷಯ ಶಿಕ್ಷಕರ ವೇದಿಕೆಯ ಮೂಲಕ ಪ್ರೌಢಶಾಲಾ ಶಿಕ್ಷಕರಿಗೆ ಮುಕ್ತ ತಂತ್ರಾಂಶದ ತರಬೇತಿ ಕೊಟ್ಟಿತು. ಅದರಲ್ಲಿ ಕಲಿತ ಹಿರಿಯ ಸಹೋದ್ಯೋಗಿಯೊಬ್ಬರಿಂದಲೇ ನಾನು ಲಿನಕ್ಸಿನ ಅ ಆ ಇ ಈ ಕಲಿತದ್ದು.

ಇನ್ನು ವಠಾರದ ಕಥೆಗೆ ಮರಳೋಣ. ಮನೆ ಕಚೇರಿಗಳಿಗೆ ಬಂದ ಅಗ್ಗದ ಪಿ.ಸಿ.ಗಳಲ್ಲಿ ಈ ವಿದ್ಯೆ ನಡೆಯುತ್ತಿರಲಿಲ್ಲ. ಇಂಟೆಲ್ ಪ್ರೊಸೆಸರುಗಳು ಪೋಪೆಕ್ ಮತ್ತು ಗೋಲ್ಡ್‌ಬರ್ಗ್ ಹೇಳಿದ ನಿಯಮಕ್ಕೆ ಒಗ್ಗುವಂತಿರಲಿಲ್ಲ. ಬಾಡಿಗೆದಾರ ಯಜಮಾನರ ಅಧಿಕಾರದ ಕೆಲಸಕ್ಕೆ ಕೈ ಹಾಕಿದೊಡನೆ ಗಂಟೆ ಬಾರಿಸಬೇಕು, ಆಗ ಯಜಮಾನರು ಬಂದು ನೋಡಿಕೊಳ್ಳುತ್ತಾರೆ. ಆದರೆ ಪೆಂಟಿಯಂ ಪ್ರೊಸೆಸರಿನ 17 ಆದೇಶಗಳು ಗಂಟೆಯನ್ನೇ ಬಾರಿಸದೆ ಸುಮ್ಮನೆ ಏನನ್ನೋ ಮಾಡಿಬಿಡುತ್ತಿದ್ದವು. 1998ರಲ್ಲಿ ಅಮೆರಿಕದಲ್ಲಿ ಸ್ಥಾಪನೆಯಾದ ವಿಎಂವೇರ್ ಕಂಪನಿ ಇಂಥ ಆದೇಶಗಳನ್ನು ಓಡುವ ಮುನ್ನವೇ ಹಿಡಿದು ಬದಲಾಯಿಸುವ ಜಾಣತನ ಕಂಡುಹಿಡಿದು, ಮರುವರ್ಷ ತನ್ನ ತಂತ್ರಾಂಶ ಬಿಡುಗಡೆ ಮಾಡಿತು. 2003ರಲ್ಲಿ ಇಂಗ್ಲೆಂಡಿನ ಕೇಂಬ್ರಿಡ್ಜಿನಿಂದ ಜೆನ್ ಬಂತು. (ಮೊದಲ ವಠಾರ ಅಮೆರಿಕದ ಕೇಂಬ್ರಿಡ್ಜಿನದು, ಇದು ಇಂಗ್ಲೆಂಡಿನದು. ಪರೀಕ್ಷೆಯಲ್ಲಿ ಮಕ್ಕಳನ್ನು ಎಡವಿಸಲು ಒಳ್ಳೆಯ ಪ್ರಶ್ನೆ!) ಜೆನ್ ಮುಕ್ತ ತಂತ್ರಾಂಶ. 2006ರಲ್ಲಿ ಅಮೆಜಾನ್ ಕಂಪನಿ ಸರ್ವರುಗಳನ್ನು ಗಂಟೆಯ ಲೆಕ್ಕದಲ್ಲಿ ಬಾಡಿಗೆಗೆ ಕೊಡಲು ಆರಂಭಿಸಿದ್ದು ಅದರ ಬಲದಿಂದಲೇ. 2005 ಮತ್ತು 2006ರಲ್ಲಿ ಇಂಟೆಲ್ ಹಾಗೂ ಎಎಂಡಿ ಕಂಪನಿಗಳು ಪ್ರೊಸೆಸರನ್ನೇ ತಿದ್ದಿ, ಗಂಟೆ ತಪ್ಪದೆ ಬಾರಿಸುವಂತೆ ಮಾಡಿದವು.

ಈ ತಿದ್ದುಪಡಿಯ ಪ್ರಯೋಜನ ಪಡೆದವರು ಇಸ್ರೇಲಿನ ಕುಮ್ರಾನೆಟ್ ಎಂಬ ಪುಟ್ಟ ಕಂಪನಿಯವರು. ಅಲ್ಲಿನ ಆವಿ ಕಿವಿಟಿ, ಬೇರೆ ಯಜಮಾನರನ್ನು ತರುವ ಬದಲು ಲಿನಕ್ಸನ್ನೇ ಯಜಮಾನನನ್ನಾಗಿ ಮಾಡಿದರಾಯಿತು ಎಂದುಕೊಂಡರು. ಸಮಯ ಹಂಚುವುದು, ನೆನಪಿನ ಜಾಗ ಹಂಚುವುದು, ಡಿಸ್ಕು ನೋಡಿಕೊಳ್ಳುವುದು ಎಲ್ಲವೂ ಲಿನಕ್ಸಿಗೆ ಮೊದಲೇ ಗೊತ್ತು. ಅದಕ್ಕೆ ಸಣ್ಣದೊಂದು ಭಾಗ ಸೇರಿಸಿದರೆ ಸಾಕಿತ್ತು. ಅದೇ ಕೆವಿಎಂ. 2006ರ ಅಕ್ಟೋಬರಿನಲ್ಲಿ ಮಂಡಿಸಿದ ಇದು 2007ರ ಫೆಬ್ರವರಿಯ ಲಿನಕ್ಸ್ 2.6.20ರಲ್ಲಿಯೇ ಸೇರಿಹೋಯಿತು. ವರ್ಚುವಲ್ ಯಂತ್ರಕ್ಕೆ ತೋರಿಕೆಯ ಡಿಸ್ಕು, ತೆರೆ, ಕೀಲಿಮಣೆ ಒದಗಿಸುವ ಕೆಲಸವನ್ನು ಫ್ರಾನ್ಸಿನ ಫ್ಯಾಬ್ರಿಸ್ ಬೆಲ್ಲಾರ್ಡ್ 2003ರಲ್ಲಿ ಹೊರತಂದಿದ್ದ ಕೆಮು ತಂತ್ರಾಂಶ ಮಾಡುತ್ತದೆ. ಇಂದು ಉಚಿತವಾಗಿ ಸಿಗುವ ಬಹುತೇಕ ಲಿನಕ್ಸುಗಳಲ್ಲಿ ಈ ಎರಡೂ ದೊರೆಯುತ್ತವೆ.

ಬೆಂಗಳೂರಿನ ಪಾಲೂ ಇದರಲ್ಲಿ ಇದೆ. ಐಬಿಎಂನ ಬೆಂಗಳೂರಿನ ಲಿನಕ್ಸ್ ತಂಡದ ಬಲ್ಬೀರ್ ಸಿಂಗ್ ಮೊದಲಾದವರು ಬರೆದ, ಒಂದೊಂದು ಗುಂಪಿನ ಕೆಲಸಕ್ಕೆ ಇಂತಿಷ್ಟೇ ನೆನಪಿನ ಜಾಗ ಎಂದು ಮಿತಿ ಹಾಕುವ ಭಾಗ 2008ರಲ್ಲಿ ಲಿನಕ್ಸಿಗೆ ಸೇರಿತು. 2013ರ ನವೆಂಬರಿನ ಲಿನಕ್ಸ್ 3.12ರಲ್ಲಿ ಅದೇ ಕಂಪನಿಯ ರಾಘವೇಂದ್ರ ಕೆ.ಟಿ., ಶ್ರೀವತ್ಸ ವಡ್ಡಗಿರಿ ಮತ್ತಿತರರು ಕೆವಿಎಂಗಾಗಿ ದುಡಿದ ಒಂದು ತಿದ್ದುಪಡಿ ಬಂತು. ವಠಾರದಲ್ಲಿ ಬಚ್ಚಲುಮನೆ ಒಂದೇ, ಬೀಗದ ಕೈ ಒಬ್ಬರ ಕೈಲಿದೆ, ಅವರನ್ನು ಯಜಮಾನರು ಅಂಗಡಿಗೆ ಕಳಿಸಿಬಿಟ್ಟಿದ್ದಾರೆ ಎಂದುಕೊಳ್ಳಿ. ಮಿಕ್ಕವರು ಬಾಗಿಲು ತಟ್ಟುತ್ತಾ ನಿಂತರೆ ಎಲ್ಲರ ಹೊತ್ತೂ ಹಾಳು. ವರ್ಚುವಲ್ ಯಂತ್ರಗಳಲ್ಲಿಯೂ ಪ್ರೊಸೆಸರಿನ ಸಮಯ ಹೀಗೆ ಹಾಳಾಗುತ್ತಿತ್ತು. ಸ್ವಲ್ಪ ಹೊತ್ತು ಕಾದೂ ಬಾಗಿಲು ತೆರೆಯದಿದ್ದರೆ ಮಲಗಿಬಿಡು, ಬೀಗದ ಕೈ ಬಂದಾಗ ಎಬ್ಬಿಸುತ್ತೇವೆ ಎಂಬ ಏರ್ಪಾಡನ್ನು ಇವರು ಮಾಡಿದರು. ದೇಶ ಬಿಟ್ಟು ಹೋದ ಕಂಪನಿ ಮರಳಿ ಬಂದ ಊರಿನಲ್ಲಿ, ಆ ಕಂಪನಿ ಹುಟ್ಟುಹಾಕಿದ ವಿದ್ಯೆಯನ್ನು ನಮ್ಮವರು ತಿದ್ದಿದರು ಎಂಬುದು ಗಮನಿಸಬೇಕಾದ ಸಂಗತಿ. ಕುಮ್ರಾನೆಟ್ಟನ್ನು 2008ರಲ್ಲಿ ರೆಡ್ ಹ್ಯಾಟ್ ಕೊಂಡಿತು, ರೆಡ್ ಹ್ಯಾಟನ್ನು 2019ರಲ್ಲಿ ಐಬಿಎಂ ಕೊಂಡಿತು. ಇತ್ತ ವಿಎಂವೇರ್ 2023ರ ನವೆಂಬರಿನಲ್ಲಿ ಬ್ರಾಡ್‌ಕಾಮ್ ಪಾಲಾಗಿ, ಒಮ್ಮೆ ಕೊಂಡು ಸದಾ ಬಳಸುವ ಪರವಾನಗಿಯ ಮಾರಾಟ ನಿಂತುಹೋಯಿತು. ಆಮೇಲೆ ಅನೇಕ ಸಂಸ್ಥೆಗಳು ಕೆವಿಎಂ ಕಡೆ ಮುಖ ಮಾಡಿದವು.

ಈಗ ನಮ್ಮ ಬಿಸ್ಕತ್ತಿನ ಡಬ್ಬಿಯ ವಿಚಾರ. ಹಳೆಯ ವಿದ್ಯಾರ್ಥಿಯೊಬ್ಬ ತನ್ನ ಪರಿಚಯದವರಿಂದ ಬಳಸಿದ ಒಂದು ಕಂಪ್ಯೂಟರ್ ಕೊಡಿಸಿದ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ರ‍್ಯಾಮ್ ತಂದು 16 ಜಿ.ಬಿ. ಮಾಡಿದೆವು. ಅದಕ್ಕೆ ಡೆಬಿಯನ್ ಲಿನಕ್ಸ್ ಹಾಕಿದೆವು. ಮೊದಲ ದಿನವೇ ಕೆವಿಎಂ ನಡೆಯುವುದಿಲ್ಲವೆಂದಿತು. ಪ್ರೊಸೆಸರಿಗೆ ಶಕ್ತಿ ಇದೆಯೇ ಎಂದು ನೋಡಲು ಅದರ ವಿವರದ ಪಟ್ಟಿಯಲ್ಲಿ ವಿಎಂಎಕ್ಸ್ (ಇಂಟೆಲ್ ಆದರೆ) ಅಥವಾ ಎಸ್‌ವಿಎಂ (ಎಎಂಡಿ ಆದರೆ) ಎಂಬ ಪದ ಹುಡುಕಬೇಕು. ನಮ್ಮದರಲ್ಲಿ ಪದ ಇತ್ತು, ಆದರೆ ಬಯಾಸಿನಲ್ಲಿ ಆ ಸೌಲಭ್ಯವನ್ನು ಮುಚ್ಚಿಟ್ಟಿದ್ದರು. ಎಷ್ಟೋ ಕಂಪ್ಯೂಟರುಗಳು ಹೀಗೆ ಮುಚ್ಚಿಕೊಂಡೇ ಬರುತ್ತವೆ. ಮಾಡಹೊರಟವರು ಮೊದಲು ಅದನ್ನು ನೋಡಿಕೊಳ್ಳಿ, ನಮ್ಮಂತೆ ಎರಡು ದಿನ ಕಳೆಯಬೇಡಿ.

ರ‍್ಯಾಮ್ ಹಂಚಿದ್ದು ಹೀಗೆ. ಯಜಮಾನನಾದ ಡೆಬಿಯನ್ನಿಗೆ 2 ಜಿ.ಬಿ., ಹಳೆಯ ಕಡತಗಳ ವಿಂಡೋಸ್ ಎಕ್ಸ್‌ಪಿ ಯಂತ್ರಕ್ಕೆ 1, ಕನ್ನಡ ಮತ್ತು ಉರ್ದು ವಿಕಿಪೀಡಿಯಾವನ್ನು ಅಂತರ್ಜಾಲವಿಲ್ಲದೆ ಓದಿಸುವ ಕಿವಿಕ್ಸ್ ಯಂತ್ರಕ್ಕೆ 2, ಶಾಲೆಯ ಕಡತಗಳ ಯಂತ್ರಕ್ಕೆ 2, ಮಕ್ಕಳು ಕಲಿಯಲೆಂದು ತಲಾ 2 ಜಿ.ಬಿ.ಯ ನಾಲ್ಕು ಲಿನಕ್ಸ್ ಯಂತ್ರಗಳು. ಒಟ್ಟು 15. ಇದ್ದದ್ದನ್ನೆಲ್ಲ ಹಂಚಿಬಿಡದೆ ಒಂದನ್ನು ಉಳಿಸಿಕೊಂಡೆವು. ಮಕ್ಕಳ ಯಂತ್ರಗಳ ಸೊಗಸು ಏನೆಂದರೆ, ಅವರು ಏನನ್ನು ಕೆಡಿಸಿದರೂ ಹಿಂದಿನ ಸ್ಥಿತಿಯ ಸ್ನ್ಯಾಪ್‌ಶಾಟಿಗೆ ಒಂದು ನಿಮಿಷದಲ್ಲಿ ಮರಳಬಹುದು. ಮುಟ್ಟಬೇಡಿ ಎಂದು ಗದರುತ್ತಿದ್ದ ಕಂಪ್ಯೂಟರ್ ಕೋಣೆಯಲ್ಲಿ, ಕೆಡಿಸಿ ನೋಡಿ ಎಂದು ಹೇಳುವ ಧೈರ್ಯ ನಮಗೆ ಬಂತು.

ಎಕ್ಸ್‌ಪಿ ಯಂತ್ರ ಸತಾಯಿಸಿತು. ಅದರ ಪರವಾನಗಿಯ ಪೆಟ್ಟಿಗೆ ಶಾಲೆಯಲ್ಲಿ ಭದ್ರವಾಗಿತ್ತು. ಆದರೆ ಅನುಸ್ಥಾಪನೆಯ ನಡುವೆ ಹಾರ್ಡ್ ಡಿಸ್ಕೇ ಇಲ್ಲ ಎಂದಿತು. ವೇಗಕ್ಕೆಂದು ನಾವು ಆರಿಸಿದ್ದ ವರ್ಟ್‌ಐಒ ಬಗೆಯ ಡಿಸ್ಕು 2001ರ ಎಕ್ಸ್‌ಪಿಗೆ ತಿಳಿಯದು. ಹಳೆಯ ಐಡಿಇ ಬಗೆಯನ್ನು ಕೊಟ್ಟೊಡನೆ ಗುರುತು ಹಿಡಿಯಿತು. 2014ರ ಏಪ್ರಿಲ್ 8ರಿಂದ ಎಕ್ಸ್‌ಪಿಗೆ ಭದ್ರತಾ ತಿದ್ದುಪಡಿ ನಿಂತಿರುವುದರಿಂದ ಅದಕ್ಕೆ ನೆಟ್‌ವರ್ಕ್ ಕೊಡಲೇ ಇಲ್ಲ. ಸಿ.ಡಿ.ಗಳನ್ನು ಲಿನಕ್ಸಿನಲ್ಲಿ ಪ್ರತಿ ತೆಗೆದು, ಗೀರು ಬಿದ್ದವನ್ನು ಡಿಡಿರೆಸ್ಕ್ಯೂ ತಂತ್ರಾಂಶದಿಂದ ಮತ್ತೆ ಮತ್ತೆ ಓದಿಸಿ, ಆ ಪ್ರತಿಗಳನ್ನೇ ವರ್ಚುವಲ್ ಯಂತ್ರಕ್ಕೆ ಸಿ.ಡಿ.ಯಾಗಿ ತೋರಿಸಿದೆವು.

ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಸ್ನ್ಯಾಪ್‌ಶಾಟ್ ಇದೆ ಎಂಬ ಭರವಸೆಯಲ್ಲಿ ಬೇರೆ ಪ್ರತಿ ಇಡಲಿಲ್ಲ. ಬೇಸಿಗೆಯಲ್ಲಿ ಪದೇ ಪದೇ ಕರೆಂಟು ಹೋಗಿ ಬರುತ್ತಿದ್ದಾಗ ಡಿಸ್ಕು ಕೆಟ್ಟಿತು. ಸ್ನ್ಯಾಪ್‌ಶಾಟುಗಳು ಇದ್ದದ್ದೂ ಅದೇ ಡಿಸ್ಕಿನಲ್ಲಿ. ಮನೆಯ ಜೊತೆ ಮನೆಯ ಫೋಟೋ ಕೂಡ ಸುಟ್ಟಂತಾಯಿತು. ಒಂಬತ್ತನೇ ತರಗತಿಯ ಮಕ್ಕಳು ನಾಲ್ಕು ತಿಂಗಳು ಮಾಡಿದ ಕೆಲಸ ಹೋಯಿತು. ಅವರ ಮುಂದೆ ನಿಂತು ತಪ್ಪು ನನ್ನದೆಂದು ಹೇಳಬೇಕಾಯಿತು. ಸಿ.ಡಿ. ಪ್ರತಿಗಳು ಬೇರೆ ಡಿಸ್ಕಿನಲ್ಲಿದ್ದುದರಿಂದ ಉಳಿದವು. ಈಗ ಯು.ಪಿ.ಎಸ್. ಇದೆ, ಪ್ರತಿ ಶುಕ್ರವಾರ ಯಂತ್ರಗಳ ಪ್ರತಿ ಹೊರಗಿನ ಡಿಸ್ಕಿಗೆ ಹೋಗುತ್ತದೆ, ಆ ಡಿಸ್ಕು ಶಾಲೆಯಲ್ಲಿ ಇರುವುದಿಲ್ಲ.

ಎಲ್ಲವನ್ನೂ ಮತ್ತೆ ಕಟ್ಟಿದ ಮೇಲೆ ಮಾಸ್ಟರ್ ಸಾಹೇಬರನ್ನು ಕರೆಸಿದೆವು. ಎಕ್ಸ್‌ಪಿಯ ಹಸಿರು ಗುಡ್ಡದ ಚಿತ್ರ ತೆರೆಯ ಮೇಲೆ ಬಂದಾಗ ಅವರು ನಕ್ಕರು. ಇನ್‌ಪೇಜ್ ತೆರೆದು ಮೊದಲ ಕಡತ ಒತ್ತಿದರೆ ನಸ್ತಲೀಖ್ ಅಕ್ಷರಗಳು ಬಲದಿಂದ ಎಡಕ್ಕೆ ಇಳಿಜಾರಾಗಿ ಹರಿದವು. ಮೊದಲ ಬ್ಯಾಚಿನ ಹೆಣ್ಣುಮಕ್ಕಳ ಪಟ್ಟಿ ಅದು. ಅವರು ಕನ್ನಡಕ ಏರಿಸಿ ಒಂದೊಂದೇ ಹೆಸರು ಓದುತ್ತಾ, ಈಕೆ ಈಗ ಹೊಸಕೋಟೆಯಲ್ಲಿ ದಾದಿ, ಈಕೆ ದೇವನಹಳ್ಳಿಯಲ್ಲಿ ಶಿಕ್ಷಕಿ ಎಂದು ಹೇಳುತ್ತಾ ಹೋದರು. ಹತ್ತನೇ ತರಗತಿಯ ಹುಡುಗಿಯೊಬ್ಬಳು ಪಕ್ಕದಲ್ಲಿ ಕೂತು ಅದನ್ನೆಲ್ಲ ಬರೆದುಕೊಂಡಳು. ಪಟ್ಟಿಯಲ್ಲಿ ಅವಳ ಅಮ್ಮನ ಹೆಸರೂ ಇತ್ತು.

ಈಗ ಆ ಕಡತಗಳನ್ನು ಯುನಿಕೋಡಿಗೆ ಬದಲಾಯಿಸುವ ಕೆಲಸ ನಡೆದಿದೆ. ಕನ್ನಡದ ಭಾಗ ಮುಗಿದಿದೆ, ಉರ್ದುವಿನಲ್ಲಿ ಸಾಲು ಸಾಲಾಗಿ ತಿದ್ದಬೇಕಾಗಿದೆ. ಮೂರು ಸಿ.ಡಿ.ಗಳು ಎಷ್ಟು ಓದಿಸಿದರೂ ಓದಲಿಲ್ಲ. ಅವುಗಳಲ್ಲಿ ಏನಿತ್ತೆಂದು ಮಾಸ್ಟರ್ ಸಾಹೇಬರು ನೆನಪಿನಿಂದ ಹೇಳುತ್ತಿದ್ದಾರೆ, ಶನಿವಾರ ಮಧ್ಯಾಹ್ನ ಇಬ್ಬರು ವಿದ್ಯಾರ್ಥಿಗಳು ಅವರ ಮನೆಗೆ ಹೋಗಿ ಬರೆದುಕೊಂಡು ಬರುತ್ತಾರೆ.